ಡಬಲ್ ಬಾಸ್‌ನ ಸರದಿ

ಶನಿವಾರ ಬೆಳಿಗ್ಗೆ ಪೀಟರ್ ಸಲ್ಡಾನ್ಹ ಅಂಗಿ ಇಸ್ತ್ರಿ ಮಾಡುತ್ತಿದ್ದರು. ಮರುದಿನ ಚರ್ಚಿನ ಬಲಿಪೂಜೆಗೆ ಹಾಕಿಕೊಂಡು ಹೋಗುವ ಬಿಳಿ ಅಂಗಿ. ಮೊದಲು ಕಾಲರು, ಆಮೇಲೆ ತೋಳು, ಕೊನೆಗೆ ಬೆನ್ನು. ಹೆಂಡತಿ ವಿಮಲಾ ಬದುಕಿದ್ದಷ್ಟು ಕಾಲ ಅವರು ಇಸ್ತ್ರಿಪೆಟ್ಟಿಗೆ ಮುಟ್ಟಿದವರಲ್ಲ. ನಾಲ್ಕು ವರ್ಷದ ಹಿಂದೆ ವಿಮಲಾ ತೀರಿಕೊಂಡ ಮೇಲೆ ಎರಡು ಅಂಗಿ ಸುಟ್ಟು, ಮೂರನೆಯದರಲ್ಲಿ ಕಲಿತರು.

ಬಾಗಿಲು ತಟ್ಟಿದ್ದು ಸುನಿಲ್. ನೈರೋಬಿಯ ರಿವರ್‌ಸೈಡ್ ಬಡಾವಣೆಯ ಒಂದು ಟೆಲಿಕಾಂ ಕಂಪನಿಯಲ್ಲಿ ಕೆಲಸ ಮಾಡುವವನು, ಆ ಊರಲ್ಲೇ ಹುಟ್ಟಿ ಬೆಳೆದವನು, ಪೀಟರ್ ಅವರ ಗೆಳೆಯ ಈರಣ್ಣನ ಮಗ. ಹೆಗಲಲ್ಲಿ ಲ್ಯಾಪ್‌ಟಾಪ್ ಚೀಲ, ಕೈಯಲ್ಲಿ ಒಂದು ಜೊತೆ ದೊಡ್ಡ ಹೆಡ್‌ಫೋನು.

"ಅಂಕಲ್, ಬಂತು," ಎಂದ. "ಎಲ್ಲಾ ಟೇಪೂ ಬಂತು."

ಪೀಟರ್ ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ಆರಿಸಿದರು. ಅಂಗಿಯ ಒಂದು ತೋಳು ಹಾಗೇ ಮುದುಡಿಕೊಂಡು ಉಳಿಯಿತು.

ಆ ಟೇಪುಗಳಿಗಾಗಿ ಅವರು ಕಾದದ್ದು ನಲವತ್ತು ವರ್ಷಕ್ಕಿಂತ ಹೆಚ್ಚು. ಎಪ್ಪತ್ತರ ದಶಕದ ಕೊನೆಯಲ್ಲಿ ನೈರೋಬಿಯಲ್ಲಿ 'ಅಥಿ ರಿವರ್ ಫೈವ್' ಎಂಬ ಐದು ಜನರ ಜಾಝ್ ತಂಡವಿತ್ತು. ಅವರು ನುಡಿಸುತ್ತಿದ್ದದ್ದು ಹಾರ್ಡ್ ಬಾಪ್: ಚರ್ಚಿನ ಹಾಡಿನ ಉರಿ, ಬ್ಲೂಸಿನ ಸಂಕಟ, ಇವೆರಡನ್ನೂ ಹಿಂದಿನಿಂದ ಅಟ್ಟಿಸಿಕೊಂಡು ಬರುವ ಡ್ರಮ್ಮು. ತಂಡದ ನಾಯಕ ಡ್ರಮ್ಮಿನ ಗಿಡಿಯನ್ ಒಟಿಯೆನೊ. ಡಬಲ್ ಬಾಸ್, ಅಂದರೆ ಆಳೆತ್ತರದ, ನಿಂತೇ ನುಡಿಸಬೇಕಾದ ಆ ತಂತಿವಾದ್ಯ, ಪೀಟರ್ ಅವರದ್ದು. ವಾರವಿಡೀ ಸೆಕೆಂಡರಿ ಶಾಲೆಯಲ್ಲಿ ಬೀಜಗಣಿತ. ಭಾನುವಾರ ಬಲಿಪೂಜೆ ಮುಗಿಸಿ, ಊಟ ಮಾಡಿ, ಪೇಟೆಯ ನಡುವಿನ ಒಂದು ಹೋಟೆಲಿನ ಹಿಂದಿನ ಹಾಲಿನಲ್ಲಿ ಸಂಜೆಯವರೆಗೆ ಬಾಸ್. ಮಂಗಳೂರಿನ ಚರ್ಚಿನ ಗಾಯನವೃಂದದಲ್ಲಿ ಸ್ವರ ಓದಲು ಕಲಿತಿದ್ದ ಅವರಿಗೆ ಬಾಸ್ ಹಿಡಿಯಲು ಕಲಿಸಿದವರು ನೈರೋಬಿಯ ಒಬ್ಬ ಗೋವಾ ಬ್ಯಾಂಡ್‌ಮಾಸ್ಟರು.

ತಂಡ ಯಾವ ಸ್ಟುಡಿಯೋಗೂ ಹೋಗಲಿಲ್ಲ. ಹೋಗುವ ಮಾತು ನಡೆದಿದ್ದಾಗ ಗಿಡಿಯನ್ ಮೊಂಬಾಸಾ ರಸ್ತೆಯಲ್ಲಿ ಲಾರಿಗೆ ಸಿಕ್ಕಿ ಸತ್ತ. ಆಮೇಲೆ ಉಳಿದವರು ಒಬ್ಬೊಬ್ಬರಾಗಿ ಒಂದೊಂದು ದೇಶಕ್ಕೆ ಹೋದರು. ಪೀಟರ್ ಬಾಸ್ ಮಾರಿಬಿಟ್ಟರು. ಈಗ ನೈರೋಬಿಯಲ್ಲಿ ಜಾಝ್ ನುಡಿಸುವ ಮಕ್ಕಳಿಗೆಲ್ಲ ಆ ತಂಡದ ಹೆಸರು ಗೊತ್ತು. ಗಿಡಿಯನ್‌ನಿಂದ ಕಲಿತವರಿಂದ ಕಲಿತವರು ಅವರು. ತಂಡ ನುಡಿಸಿದ್ದನ್ನು ಕೇಳಿದವರು ಮಾತ್ರ ಅವರಲ್ಲಿ ಯಾರೂ ಇಲ್ಲ.

ಇದ್ದದ್ದು ಈರಣ್ಣನ ಟೇಪುಗಳು. ಧಾರವಾಡದ ಈರಣ್ಣ ಟೆಲಿಫೋನ್ ಇಂಜಿನಿಯರು, ಯಂತ್ರಗಳ ಹುಚ್ಚಿನವರು. ಸೂಟ್‌ಕೇಸಿನಷ್ಟು ದೊಡ್ಡ ಟೇಪ್ ರೆಕಾರ್ಡರನ್ನು ಭಾನುವಾರ ಹೋಟೆಲಿಗೆ ಹೊತ್ತು ತಂದು, ಹೆಂಗಸರು ಕೂರುವ ಪಕ್ಕದ ಮೇಜಿನ ಮೇಲಿಟ್ಟು ರೆಕಾರ್ಡ್ ಮಾಡುತ್ತಿದ್ದರು. ವೇದಿಕೆಗೆ ಅತಿ ಹತ್ತಿರದ ಮೇಜು ಅದೇ. ತಂಡ ಒಡೆದ ಮೇಲೆ ಆ ಟೇಪುಗಳು ಯಾವುದೋ ಟ್ರಂಕು ಸೇರಿದವು. ಮನೆಗಳು ಬದಲಾದವು. "ಎಲ್ಲೋ ಅದಾವೋ ಮಾರಾಯ, ಹುಡುಕ್ತೀನಿ," ಎನ್ನುತ್ತಲೇ ಈರಣ್ಣ ಹೋದ ವರ್ಷ ತೀರಿಕೊಂಡರು. ಟ್ರಂಕು ಸಿಕ್ಕಿದ್ದು ಅವರ ಬಟ್ಟೆ ಹಂಚುವಾಗ. ಆಫ್ರಿಕಾದ ಹಳೆಯ ಸಂಗೀತ ಹುಡುಕಿ ಮುದ್ರಿಸುವ ಬ್ರಸೆಲ್ಸಿನ ಒಂದು ಪುಟ್ಟ ಕಂಪನಿಗೆ ಸುನಿಲ್ ಬರೆದ. ಅವರು ಟೇಪು ತರಿಸಿಕೊಂಡು, ಒಣಗಿಸಿ, ಒರೆಸಿ, ಕಂಪ್ಯೂಟರಿಗೆ ಇಳಿಸಿದ್ದರು.

ಪೀಟರ್ ಅವರಿಗೆ ರೆಕಾರ್ಡ್ ಬರುವುದು ಬಿಡುವುದು ಅಷ್ಟು ಮುಖ್ಯವಾಗಿರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಒಂದೇ: ತಾನು ನುಡಿಸಿದ್ದನ್ನು ಮಗಳು ಶರ್ವಾಣಿ ಒಮ್ಮೆ ಕೇಳಬೇಕು. ಬಾಸ್ ಮಾರಿದ ಮರುವರ್ಷ ಹುಟ್ಟಿದವಳು ಅವಳು. ಅವಳು ಕಂಡ ಅಪ್ಪ ಬೀಜಗಣಿತದ ಮೇಷ್ಟ್ರು, ಶರ್ಟಿನ ಜೇಬಿನಲ್ಲಿ ಸೀಮೆಸುಣ್ಣ. ಒಂದು ಕಾಲಕ್ಕೆ ತುಂಬಿದ ಹಾಲಿನ ಮುಂದೆ ಒಬ್ಬನೇ ನುಡಿಸುತ್ತಿದ್ದೆ, ಟೇಪ್ ಉಂಟು ಎಂದು ಅವರು ಹೇಳಿದಾಗಲೆಲ್ಲ ಅವಳು "ಡ್ಯಾಡಿಯ ಘೋಸ್ಟ್ ಟೇಪ್" ಎಂದು ನಗುತ್ತಿದ್ದಳು. ಟ್ರಂಕು ಸಿಕ್ಕ ಸುದ್ದಿ ತಿಳಿದ ಮೇಲೆ ನಗಲಿಲ್ಲ. ಊರಂಚಿನ ಕರೆನ್ ಬಡಾವಣೆಯಲ್ಲಿ ಅವಳು ಪಾಠ ಮಾಡುವ ಶಾಲೆಗೆ ರಜೆ ಬೀಳುವ ದಿನ ನೋಡಿ, ಶನಿವಾರವೊಂದನ್ನು ಗೊತ್ತು ಮಾಡಿದ್ದಳು.

ಸುನಿಲ್ ಹೆಡ್‌ಫೋನು ಬದಿಗಿಟ್ಟು ಲ್ಯಾಪ್‌ಟಾಪಿನಲ್ಲೇ ಮೊದಲ ಹಾಡು ಹಾಕಿದ.

ಗಿಡಿಯನ್‌ನ ಪೆಟ್ಟು ಬಂತು. ಪೀಟರ್ ಕಣ್ಣು ಮುಚ್ಚಿದರು. ಐವರೂ ಸೇರಿ ರಾಗವನ್ನು ಒಮ್ಮೆ ನುಡಿಸಿ ಮುಗಿಸಿದರು. ಆಮೇಲೆ ಒಬ್ಬೊಬ್ಬರ ಸರದಿ. ಟ್ರಂಪೆಟ್, ಸ್ಯಾಕ್ಸೊಫೋನ್, ಪಿಯಾನೊ. ಬಾಸ್‌ನ ಸರದಿ ಯಾವಾಗಲೂ ಕೊನೆಗೆ. ಆಗ ಉಳಿದವರೆಲ್ಲ ಸುಮ್ಮನಾಗುತ್ತಾರೆ, ಡ್ರಮ್ಮು ಕೂಡ ಇದ್ದೂ ಇಲ್ಲದ ಹಾಗೆ. ಪಿಯಾನೊ ಮುಗಿಯುತ್ತಾ ಬಂದ ಹಾಗೆ ಅವರ ಎಡಗೈ ಬೆರಳುಗಳು ತಾವಾಗಿ ಮಡಚಿಕೊಂಡವು.

ಟಕ್ ಎಂದಿತು. ಐವರೂ ಸೇರಿ ಕೊನೆಯ ರಾಗ ಶುರುಮಾಡಿದ್ದರು.

"ಎಂತ ಆಯ್ತು?"

"ಒಂದ್ ನಿಮಿಷ ಅಂಕಲ್." ಸುನಿಲ್ ಎರಡನೆಯ ಹಾಡು ಹಾಕಿದ. ಟ್ರಂಪೆಟ್, ಸ್ಯಾಕ್ಸೊಫೋನ್, ಪಿಯಾನೊ. ಟಕ್. ಕೊನೆಯ ರಾಗ.

ಮೂರನೆಯದನ್ನು ಅವನು ಹಾಕಲಿಲ್ಲ. "ಎಲ್ಲಾದ್ರಲ್ಲೂ ಹೀಗೇ. ಟೇಪ್ ಹಾಳಾಗಿಲ್ಲ ಅಂತೆ. ಯಾರೋ ಮೆಷಿನ್ ನಿಲ್ಸಿದಾರೆ, ಆಮೇಲೆ ಮತ್ತೆ ಆನ್ ಮಾಡಿದಾರೆ. ಯಾರೋ ಅಂದ್ರೆ… ಅಪ್ಪಾನೇ."

ಪೀಟರ್ ಅವರಿಗೆ ನೆನಪಾಯಿತು. ಖಾಲಿ ಟೇಪು ಆ ಕಾಲದಲ್ಲಿ ಹೊರದೇಶದಿಂದ ಬರಬೇಕಿತ್ತು. ತಂದುಕೊಡುವವರು ಯಾರಾದರೂ ಬರುವವರೆಗೆ ಈರಣ್ಣ ಕಾಯಬೇಕಿತ್ತು. ಬಾಸ್‌ನ ಸರದಿ ಬಂದರೆ ಹಾಲಿನಲ್ಲಿ ಯಾರೂ ಕೇಳುತ್ತಿರಲಿಲ್ಲ. ಬ್ಯಾಂಡ್ ನಿಂತಿತು ಎಂದುಕೊಂಡು ಮಾತಿಗೆ ತೊಡಗುತ್ತಿದ್ದರು, ಸೋಡಾ ತರಿಸುತ್ತಿದ್ದರು. ಆ ಗಲಾಟೆಯಲ್ಲಿ ಬಾಸ್ ಯಂತ್ರದಲ್ಲಿ ಮೂಡುವುದೂ ಕಷ್ಟ. ಕೇಳಿಸದ್ದನ್ನು ಹಿಡಿದು ಟೇಪು ಯಾಕೆ ದಂಡ ಮಾಡಲಿ ಎಂದು ಇಂಜಿನಿಯರು ಲೆಕ್ಕ ಹಾಕಿರಬೇಕು. ಹೆಬ್ಬೆರಳನ್ನು ಯಂತ್ರ ನಿಲ್ಲಿಸುವ ಕಡ್ಡಿಯ ಮೇಲಿಟ್ಟುಕೊಂಡು ತನ್ನ ಕಡೆಗೇ ನೋಡುತ್ತಿದ್ದ ಈರಣ್ಣನ ಮುಖ ಕಣ್ಣಿಗೆ ಕಟ್ಟಿತು. ಅದು ಪ್ರೀತಿಯ ನೋಟ ಎಂದೇ ಅವರು ಅಷ್ಟು ವರ್ಷ ತಿಳಿದಿದ್ದರು. ಪ್ರೀತಿಯೂ ಇದ್ದಿರಬಹುದು.

"ಜಿಪುಣ," ಎಂದರು ಪೀಟರ್. ನಗಲು ನೋಡಿದರು.

"ಒಂದ್ರಲ್ಲಿ ಮಾತ್ರ ಇದೆ ಅಂಕಲ್," ಎಂದ ಸುನಿಲ್. ಅವನ ದನಿಯಲ್ಲಿ ಸಂತೋಷವಿರಲಿಲ್ಲ. "ಫುಲ್ ಇದೆ, ನಾಲ್ಕು ನಿಮಿಷ. ಆದ್ರೆ ಮೈಕ್ ಹತ್ರ ಇಬ್ರು ಲೇಡೀಸ್ ಮಾತಾಡ್ತಿದಾರೆ. ಕಂಪನಿಯವ್ರಿಗೆ ಅದು ಕ್ರೌಡ್ ನಾಯ್ಸ್. ಯಾವ ಭಾಷೆ ಅಂತಾನೂ ಗೊತ್ತಾಗಿಲ್ಲ ಅವ್ರಿಗೆ. ನಂಗೆ ಗೊತ್ತಾಯ್ತು. ಒಬ್ರು ನಮ್ಮಮ್ಮ."

ಅವನು ಹೆಡ್‌ಫೋನನ್ನು ಪೀಟರ್ ಅವರ ಕಿವಿಗೆ ಹಾಕಿ, ಬಟನ್ ಒತ್ತಿ, ಎದ್ದು ಬಾಲ್ಕನಿಗೆ ಹೋದ.

ಪಿಯಾನೊ ಮುಗಿಯಿತು. ಬಾಸ್‌ನ ಮೊದಲ ಸ್ವರ ಬಂತು. ಅದರ ಮೇಲೆಯೇ, ಕಿವಿಯ ಪಕ್ಕದಲ್ಲಿ ಕೂತ ಹಾಗೆ, ವಿಮಲಾ.

"ಜಯಾ, ನೋಡು. ಈಗ ಇವರದ್ದು. ಇನ್ನು ಡುಂ ಡುಂ."

"ಸುಮ್ಕಿರ. ಗಂಡಂದು ಕೇಳಿಸ್ಕೊ." ಇದು ಜಯಮಾಲಾ, ಈರಣ್ಣನ ಹೆಂಡತಿ.

"ಮನೆಯಲ್ಲಿ ಇಡೀ ದಿನ ಕೇಳ್ತೇನೆ ಮಾರಾಯ್ತಿ. ಅದಕ್ಕೆ ಒಂದು ಕೋಣೆ, ನಮಗೆ ಒಂದು ಕೋಣೆ. ನೀರು ಕುಡಿಲಿಕ್ಕೆ ಎದ್ದರೆ ಕತ್ತಲಲ್ಲಿ ಯಾರೋ ದಪ್ಪ ಹೆಂಗಸು ನಿಂತ ಹಾಗೆ ಕಾಣ್ತದೆ."

ಇಬ್ಬರೂ ನಕ್ಕರು. ಪೀಟರ್ ಅವರಿಗೂ ನಗು ಬಂತು. ತಂತಿಯ ಸದ್ದು ಎಲ್ಲೋ ಕೆಳಗೆ ಮೆಟ್ಟಿಲಿಳಿಯುತ್ತಿತ್ತು.

"ಮತ್ತ ಮಂಗಳೂರ ಕಾನ್ವೆಂಟಿನ ಸಿಸ್ಟರ್‌ಗೆ ಏನಂದಿ?" ಎಂದರು ಜಯಮಾಲಾ.

"ಬರುದಿಲ್ಲ ಅಂತ ಹೇಳಿದೆ. ಮೊನ್ನೆ ಪೋಸ್ಟಾಫೀಸಿಗೆ ಹೋಗಿ ಟ್ರಂಕ್ ಕಾಲ್ ಮಾಡಿದೆ."

"ಖರೇನ? ಮನಿಯವ್ರಿಗೆ ಹೇಳಿದ್ಯಾ?"

"ಹುಚ್ಚಾ ನಿನಗೆ? ಹೇಳಿದ್ರೆ ನಾಳೆಯೇ ಟಿಕೆಟ್ ತರ್ತಾರೆ. ಮಂಗಳೂರಿಗೆ ಹೋಗಿ ಆ ಪೆಟ್ಟಿಗೆ ಇಟ್ಕೊಂಡು ಯಾರೊಟ್ಟಿಗೆ ಬಾರಿಸುದು ಅವರು? ಮದುವೆ ಬ್ಯಾಂಡಿನಲ್ಲಾ? ನೋಡು, ಮುಖ ನೋಡು ಅವರದ್ದು. ಆ ಮುಖ ನನಗೆ ಮನೆಯಲ್ಲಿ ಕಾಣ್ಲಿಕ್ಕೆ ಸಿಗುದಿಲ್ಲ."

"ಅಲ್ಲವಾ, ನೀ ಓದಿದ್ ಸಾಲಿ. ಅವ್ರ ಕರದ್ ಕೆಲಸ ಕೊಡಾಕ ಹತ್ತ್ಯಾರ. ಸೈನ್ಸ್ ಟೀಚರ್ ಅಂದ್ರ ಸಣ್ಣ ಮಾತೇನ?"

"ಎಂತ ಮಾಡುದು. ಇಲ್ಲಿ ಉಂಟಲ್ಲ, ಇನ್ಶೂರೆನ್ಸ್ ಆಫೀಸಲ್ಲಿ ಟೈಪ್ ಮಾಡುದು. ಟಕ ಟಕ. ಅವರದ್ದು ಡುಂ ಡುಂ, ನನ್ನದು ಟಕ ಟಕ." ಮತ್ತೆ ನಗು. ಸ್ವಲ್ಪ ಹೊತ್ತು ಬಾಸ್ ಮಾತ್ರ. ಆಮೇಲೆ ಮತ್ತೆ ವಿಮಲಾ, ದನಿ ತಗ್ಗಿಸಿ: "ಇದು ಮುಗೀತದಾ ಇಲ್ವಾ? ಮುಗಿದ ಕೂಡ್ಲೇ ಚಪ್ಪಾಳೆ ಹೊಡೀಬೇಕು. ಇಲ್ಲದಿದ್ರೆ ಮುಖ ಸಣ್ಣ ಮಾಡ್ತಾರೆ. ಅವರಿಗೆ ಹೇಳಬೇಡ, ಆಯ್ತಾ? ಆಣೆ."

ಕೊನೆಯ ಸ್ವರ. ಅದು ಪೂರ್ತಿ ಇಳಿಯುವ ಮುನ್ನವೇ ಮೈಕಿನ ಪಕ್ಕದಲ್ಲಿ ಎರಡು ಕೈ ಜೋರಾಗಿ ತಟ್ಟಿದವು. ಹಾಲಿನ ಉಳಿದ ಚಪ್ಪಾಳೆ ಆಮೇಲೆ ಬಂತು.

ಸುನಿಲ್ ಒಳಗೆ ಬಂದಾಗ ಪೀಟರ್ ಹೆಡ್‌ಫೋನು ತೆಗೆದಿರಲಿಲ್ಲ. ಹಾಡು ಎಂದೋ ಮುಗಿದಿತ್ತು.

ಮರುದಿನ ಬಲಿಪೂಜೆಯಿಂದ ನೇರವಾಗಿ ಅವರು ಪೇಟೆಗೆ ಒಂದು ಮಟಾಟು ವ್ಯಾನು, ಪೇಟೆಯಿಂದ ಪಾರ್ಕ್‌ಲ್ಯಾಂಡ್ಸಿಗೆ ಇನ್ನೊಂದು ಹಿಡಿದು ಹೋದರು. ಜಯಮಾಲಾ ಮಗನ ಮನೆಯ ಊಟದ ಮೇಜಿನ ಮುಂದೆ ಕೂತು ಬಟಾಣಿ ಬಿಡಿಸುತ್ತಿದ್ದರು. ಏಳಲಿಲ್ಲ.

"ಬರ್ರಿ ಪೀಟರಣ್ಣ. ಸುನಿಲ್ ಹೇಳಿದ. ನಾ ಅದನ್ನ ಕೇಳಂಗಿಲ್ಲ, ಹಚ್ಚಬ್ಯಾಡ್ರಿ."

"ಹಾಕ್ಲಿಕ್ಕೆ ಬಂದದ್ದಲ್ಲ ಜಯಕ್ಕ." ಪೀಟರ್ ಕುರ್ಚಿ ಎಳೆದುಕೊಂಡರು. "ನೀವು ಯಾಕೆ ಹೇಳ್ಲಿಲ್ಲ?"

"ಅಕಿ ಆಣಿ ಹಾಕಿದ್ಲು."

"ಅವಳು ಹೋದ ಮೇಲೆ?"

"ಹ್ವಾದ ಮ್ಯಾಲೆ ಹೇಳಿ ಏನ್ ಮಾಡ್ಲಿ? ಅಕಿ ಹೋಗಿದ್ ದುಃಖ ಒಂದು ಸಾಲದಾಗಿತ್ತೇನ ನಿಮಗ?"

ಪೀಟರ್ ಒಂದು ಬಟಾಣಿ ಕಾಯಿ ಕೈಗೆ ತೆಗೆದುಕೊಂಡು ಬಿಡಿಸದೆ ಹಿಡಿದುಕೊಂಡರು. "ಆ ದಿನ ಮೆಷಿನ್ ಯಾಕೆ ನಿಲ್ಲಿಸ್ಲಿಲ್ಲ? ಬಾಕಿ ಎಲ್ಲ ದಿನ ನಿಲ್ಲಿಸಿದ್ದಾರೆ ಈರಣ್ಣ."

"ಅವತ್ತ ಇವ್ರು ಇರಲಿಲ್ಲ. ಹೊರಗ ಗಾಡಿಗೆ ಯಾರೋ ಅಡ್ಡ ಗಾಡಿ ನಿಲ್ಸಿದ್ರು, ಅದನ್ನ ತಗಸಾಕ ಹೋಗಿದ್ರು. ಪೀಟರ್ ಶುರು ಮಾಡಿದ ಕೂಡ್ಲೆ ಈ ಕಡ್ಡಿ ಒತ್ತು, ಮುಗಿದ್ ಮ್ಯಾಲೆ ಬಿಡು ಅಂತ ನನಗ ಹೇಳಿ ಹ್ವಾದ್ರು. ನಾ ಒತ್ತಲಿಲ್ಲ. ಮನಿಗೆ ಬಂದು ಬೈದ್ರು ನೋಡ್ರಿ, ಟೇಪ್ ಹಾಳು ಮಾಡ್ದಿ ಅಂತ."

"ಮಾತಲ್ಲಿ ಮರೆತಿರಿ."

"ಮಾತಿನಾಗಲ್ಲ. ಅಕಿ ಅಳಾಕ ಹತ್ತಿದ್ಲು."

"ಟೇಪಿನಲ್ಲಿ ನಗ್ತಾ ಇದ್ದಾಳೆ ಜಯಕ್ಕ. ನಾನು ಕೇಳಿದೆ. ನಗ್ತಾ ಇದ್ದಾಳೆ."

"ಬಾಯಿ ನಗತಿತ್ತು," ಎಂದರು ಜಯಮಾಲಾ. "ಕಣ್ಣಾಗ ಒಂದೇ ಸಮ ನೀರು. ನೀವು ಅಲ್ಲಿಂದ ನೋಡ್ತೀರಿ ಅಂತ ನಿಮ್ಮ ಕಡೆ ಬೆನ್ನು ಮಾಡಿ, ನನ್ನ ಸೆರಗಿಲೆ ಮಾರಿ ಒರಸ್ಕೊಂಡ್ಲು. ಹೊಸಾ ಇಳಕಲ್ ಸೀರಿ ನಂದು. ಅದನ್ನ ಹಿಡಕೊಂಡು ಕುಂತಾಕಿ ನಾ ಯಾವ ಕಡ್ಡಿ ಒತ್ತಲ್ರಿ?"

ಅಡುಗೆಮನೆಯಲ್ಲಿ ಕುಕ್ಕರು ಕೂಗಿತು. ಜಯಮಾಲಾ ಏಳಲು ಹೋಗಿ ಮತ್ತೆ ಕೂತರು.

"ಒಂದು ಮಾತು ಹೇಳಿದ್ರೆ ಎಲ್ಲ ಬಿಟ್ಟು ಮಂಗಳೂರಿಗೆ ಹೋಗ್ತಿದ್ದೆ," ಎಂದರು ಪೀಟರ್. "ಒಂದೇ ಮಾತು."

"ಅದು ಅಕಿಗೆ ಗೊತ್ತಿತ್ತ್ರಿ. ಅದಕ್ಕ ಹೇಳಲಿಲ್ಲ."

"ಎರಡು ವರ್ಷಕ್ಕೆ ನಾನಾಗಿಯೇ ಬಾಸ್ ಬಿಟ್ಟೆ. ಆಗಲಾದ್ರೂ…"

"ಅಷ್ಟರಾಗ ಸಿಸ್ಟರ್ ಬ್ಯಾರೆ ಯಾರನ್ನೋ ತಗೊಂಡಿದ್ರು."

ಬಾಸ್ ಮಾರಿದ ದಿನ ಪೀಟರ್ ಅವರಿಗೆ ಸರಿಯಾಗಿ ನೆನಪಿತ್ತು. ಕೊಂಡವರು ಅದನ್ನು ಪಿಕಪ್ಪಿಗೆ ಏರಿಸುವಾಗ ವಿಮಲಾ ಬಾಗಿಲಿಗೆ ಅಡ್ಡ ನಿಂತು, "ಯಾಕೆ ಮಾರ್ತೀರಿ? ಯಾರನ್ನು ಕೇಳಿ ಮಾರಿದ್ದು ನೀವು?" ಎಂದು ಕೂಗಿದ್ದರು. ಆ ಮೇಲೆ ಎಷ್ಟೋ ದಿನ ಮಾತಾಡಲಿಲ್ಲ. ಆ ದೊಡ್ಡ ಪೆಟ್ಟಿಗೆ ಮನೆಯಿಂದ ಹೋದರೆ ಸಾಕು ಎನ್ನುತ್ತಿದ್ದವಳಿಗೆ ಇದೆಂಥ ಸಿಟ್ಟು ಎಂದು ಅವರಿಗೆ ಅರ್ಥವಾಗಿರಲಿಲ್ಲ. ಕೇಳಲೂ ಇಲ್ಲ. ಇನ್ನೊಂದು ದಿನವೂ ನೆನಪಾಯಿತು. ಶರ್ವಾಣಿ ಕೆಲಸಕ್ಕೆ ಸೇರಿದ ವಾರ, ಅವಳು ಬೇಡವೆಂದರೂ ಕೇಳದೆ ವಿಮಲಾ ಕರೆನ್‌ವರೆಗೆ ಹೋಗಿ ಅವಳ ತರಗತಿ ನೋಡಿ ಬಂದಿದ್ದರು. ಖಾಲಿ ಕೋಣೆ. ಕರಿಹಲಗೆಯ ಮುಂದೆ ತುಂಬ ಹೊತ್ತು ನಿಂತಿದ್ದರು ಎಂದು ಶರ್ವಾಣಿ ಆಮೇಲೆ ಹೇಳಿದ್ದಳು. ಅಮ್ಮಂದಿರೆಲ್ಲ ಹೀಗೇ ಎಂದುಕೊಂಡಿದ್ದರು ಪೀಟರ್.

ಜಯಮಾಲಾ ಊಟಕ್ಕೆ ನಿಲ್ಲಿಸಿಕೊಂಡರು. ಪೀಟರ್ ಅನ್ನ ಕಲಸಿ, ಉಣ್ಣದೆ ತಟ್ಟೆಯಲ್ಲೇ ಬಿಟ್ಟರು.

ವಾರದ ನಡುವೆ ಸುನಿಲ್ ಫೋನ್ ಮಾಡಿದ. ಬ್ರಸೆಲ್ಸಿನವರಿಗೆ ಆ ಹಾಡು ಬೇಕೇ ಬೇಕು; ಇಡೀ ಸಂಗ್ರಹದಲ್ಲಿ ಬಾಸ್‌ನ ಸರದಿ ಇರುವುದು ಅದೊಂದರಲ್ಲೇ. ಈಗ ಮಾತನ್ನೂ ವಾದ್ಯವನ್ನೂ ಬೇರೆ ಬೇರೆ ಮಾಡುವ ಸಾಫ್ಟ್‌ವೇರ್ ಬಂದಿದೆ. ಮಾಡಿಯೂ ಆಗಿದೆ.

"ಎರಡು ಫೈಲ್ ಕಳ್ಸಿದೀನಿ ಅಂಕಲ್. ಒಂದ್ರಲ್ಲಿ ಬರೀ ನೀವು, ಇನ್ನೊಂದ್ರಲ್ಲಿ ಬರೀ… ಮಾತು. ಕ್ಲೀನಾಗಿ ಬಂದಿದೆ. ಶರ್ವಾಣಿಗೂ ಅದನ್ನೇ ಕೇಳಿಸ್ಬೋದಲ್ಲ? ಆಂಟಿ ಹೇಳಿದ್ದು ಅವ್ಳಿಗೆ ಗೊತ್ತಾಗೋದೇ ಇಲ್ಲ."

ಪೀಟರ್ ಆ ಮಧ್ಯಾಹ್ನ ಮೊದಲ ಫೈಲ್ ಕೇಳಿದರು. ನಾಲ್ಕು ನಿಮಿಷ ಅವರೊಬ್ಬರೇ. ಉತ್ತರಪತ್ರಿಕೆ ತಿದ್ದುವವರ ಹಾಗೆ ಕೇಳಿದರು. ಕೆಟ್ಟದಾಗಿರಲಿಲ್ಲ. ಆರಂಭ ಚೆನ್ನಾಗಿತ್ತು. ನಡುವೆ ಎರಡು ಕಡೆ ಅವಸರ. ಮೇಲಿನ ಸ್ವರಗಳಿಗೆ ಹೋದಾಗ ಬೆರಳು ಸರಿಯಾದ ಜಾಗಕ್ಕೆ ಬಿದ್ದಿಲ್ಲ. ಗಿಡಿಯನ್ ಆಗಾಗ ಹೇಳುತ್ತಿದ್ದ ದೋಷವೇ. ಆ ಊರಿನಲ್ಲಿ ಆ ಕಾಲಕ್ಕೆ ಅದು ಒಳ್ಳೆಯ ಬಾಸ್. ಅಷ್ಟೇ. ತಾನು ಇಷ್ಟು ವರ್ಷ ಮನಸ್ಸಿನಲ್ಲಿ ಕೇಳಿಕೊಂಡು ಬಂದದ್ದು ಇದಕ್ಕಿಂತ ತುಂಬ ಚೆನ್ನಾಗಿತ್ತು.

ಕೊನೆಯ ಸ್ವರದ ನಂತರ ಏನೂ ಇರಲಿಲ್ಲ. ಚಪ್ಪಾಳೆಯನ್ನೂ ಸಾಫ್ಟ್‌ವೇರು ಗದ್ದಲ ಎಂದು ತಿಳಿದು ಇನ್ನೊಂದು ಫೈಲಿಗೆ ಹಾಕಿಬಿಟ್ಟಿತ್ತು.

ಅವರು ಸುನಿಲ್‌ಗೆ ಫೋನ್ ಮಾಡಿದರು.

"ಅದು ಬೇಡ. ರೆಕಾರ್ಡಿನಲ್ಲಿ ಹಾಕುದು ಬೇಡ ಅಂತ ಹೇಳು."

"ಅಂಕಲ್, ಇರೋದೇ ಒಂದು."

"ಗೊತ್ತುಂಟು. ಪಿಯಾನೊ ಆದ ಮೇಲೆ ಸೀದ ಕೊನೆಯ ರಾಗಕ್ಕೆ ಹೋಗ್ಲಿಕ್ಕೆ ಹೇಳು. ಬಾಕಿ ಹಾಡುಗಳ ಹಾಗೆ."

"ಮಾತು ಇರೋ ಹಾಗೇ ಹಾಕೋಣ್ವಾ? ಕೆಲವರು ಹಾಕ್ತಾರೆ. ಲೈವ್ ಫೀಲ್ ಬರುತ್ತೆ."

"ಶರ್ವಾಣಿಗೆ ಕನ್ನಡ ಬರ್ತದೆ ಸುನಿಲ್. ಉತ್ತರ ಇಂಗ್ಲಿಷಲ್ಲಿ ಕೊಟ್ರೂ ಎಲ್ಲ ಅರ್ಥ ಆಗ್ತದೆ."

"ಹಾಗಾದ್ರೆ ಕ್ಲೀನ್ ಮಾಡಿದ್ದು…"

"ಅವಳ ಅಮ್ಮನನ್ನು ಒರೆಸಿ ನನ್ನದನ್ನು ಕೇಳಿಸುದಾ?" ಪೀಟರ್ ದನಿ ಏರಿತು. ಅದನ್ನು ತಗ್ಗಿಸಿ, "ಬೇಡ ಮಗ. ಒಮ್ಮೆ ಮಾಡಿದ್ದು ಸಾಕು," ಎಂದರು.

ಶನಿವಾರ ಶರ್ವಾಣಿ ಬಂದಳು. ದಾರಿಯಲ್ಲಿ ಕೇಕ್ ತಂದಿದ್ದಳು. ಸೋಫಾದ ಮೇಲೆ ಕಾಲು ಮಡಚಿ ಕೂತು, "ಕಮಾನ್ ಡ್ಯಾಡಿ, ಘೋಸ್ಟ್ ಟೇಪ್," ಎಂದಳು. ಪೀಟರ್ ಹಾಕಿದರು. ಗಿಡಿಯನ್‌ನ ಪೆಟ್ಟಿಗೆ ಅವಳು ತಲೆದೂಗಿದಳು. ಎಲ್ಲರ ಹಿಂದೆ ನಡೆಯುವ ಬಾಸನ್ನು ಕಿವಿಗೊಟ್ಟು ಹಿಡಿದು, "ದಟ್ಸ್ ಯೂ?" ಎಂದಳು. ಹೌದೆಂದರು. ಟ್ರಂಪೆಟ್ ಮುಗಿಯಿತು, ಸ್ಯಾಕ್ಸೊಫೋನ್ ಮುಗಿಯಿತು, ಪಿಯಾನೊ ಮುಗಿಯಿತು. ಅವಳು ಮುಂದಕ್ಕೆ ಬಾಗಿದಳು. ಕೊನೆಯ ರಾಗ ಬಂತು.

"ವೇರ್ ಇಸ್ ಯುವರ್ಸ್?"

"ಈರಣ್ಣಂಕಲ್ ಟೇಪ್ ಉಳಿಸ್ತಿದ್ರು. ಬಾಸ್ ಬಂದ್ರೆ ಮೆಷಿನ್ ನಿಲ್ಲಿಸ್ತಿದ್ರು."

ಅವಳಿಗೆ ಮೊದಲು ನಗು ಬಂತು. ಆಮೇಲೆ ಅಪ್ಪನ ಮುಖ ನೋಡಿದಳು.

"ನಾಟ್ ಈವನ್ ಒನ್, ಡ್ಯಾಡಿ?"

"ಒಂದೂ ಇಲ್ಲ."

ಅವಳು ಎದ್ದು ಬಂದು ಅವರ ಪಕ್ಕದಲ್ಲಿ ಕೂತಳು. "ಅಮ್ಮ ವುಡ್ ಹ್ಯಾವ್ ಬೀನ್ ಸೋ ಆಂಗ್ರಿ ವಿತ್ ಹಿಮ್," ಎಂದಳು. "ಶೀ ಮಸ್ಟ್ ಹ್ಯಾವ್ ಹರ್ಡ್ ದೆಮ್ ಆಲ್, ನೋ?"

"ಹೌದು," ಎಂದರು ಪೀಟರ್. "ಪ್ರತಿ ಭಾನುವಾರ ಬರ್ತಿದ್ದಳು."

ರೆಕಾರ್ಡ್ ನವೆಂಬರಿನಲ್ಲಿ ಬಿಡುಗಡೆಯಾಯಿತು. ಡಬಲ್ ಬಾಸ್ ಪೀಟರ್ ಸಲ್ಡಾನ್ಹ ಎಂದು ಹಿಂಬದಿಯಲ್ಲಿ ಹೆಸರಿದೆ. ಶರ್ವಾಣಿ ಎರಡು ಪ್ರತಿ ತರಿಸಿಕೊಂಡು ಒಂದನ್ನು ತನ್ನ ಶಾಲೆಯ ಸಂಗೀತದ ಕೋಣೆಗೆ ಕೊಟ್ಟಳು.